ಜಗಲಿ ಹಂಚು ಅಂದಳಂತೆ

ನಮ್ಮ ದೊಡ್ಡಮ್ಮ ಬಟ್ಟೆ ಕತ್ತರಿಸುವುದನ್ನು ನೋಡಬೇಕು. ಯಾರೋ ಆಸೆಪಟ್ಟು ತಂದ ರೇಷ್ಮೆಯನ್ನು ಮೇಜಿನ ಮೇಲೆ ಹರಡಿ, ಒಮ್ಮೆ ಅಂಗೈಯಿಂದ ಸವರಿ, ಕತ್ತರಿ ಬಿಟ್ಟಳೆಂದರೆ ನಡುವೆ ನಿಲ್ಲುವ ಮಾತೇ ಇಲ್ಲ. ಬಟ್ಟೆ ಕೊಟ್ಟವರ ಎದೆ ಢವಢವ ಅನ್ನುತ್ತಿರುತ್ತದೆ, ಇವಳು ಅವರ ಮನೆಯ ಸುದ್ದಿ ವಿಚಾರಿಸುತ್ತಿರುತ್ತಾಳೆ. ಅಂಥ ಗಟ್ಟಿಗಿತ್ತಿ ಜಗಲಿಯ ಮೇಲೆ ಏನು ಹೊದಿಸಬೇಕು ಎನ್ನುವ ಒಂದೇ ಒಂದು ವಿಷಯಕ್ಕೆ ಇಡೀ ಬೇಸಿಗೆ ನಮ್ಮೆಲ್ಲರ ತಲೆ ತಿಂದಳು. ನನ್ನದನ್ನು ಸ್ವಲ್ಪ ಹೆಚ್ಚೇ ತಿಂದಳು, ಏಕೆಂದರೆ ಆ ಮನೆಯಲ್ಲಿ ಅವಳಿಗೆ ಎದುರುತ್ತರ ಕೊಡುವವಳು ನಾನೊಬ್ಬಳೇ.

ಮನೆ ಒಂದೇ, ಅಂತಸ್ತು ಎರಡು. ಕೆಳಗಿನದು ದೊಡ್ಡಮ್ಮನದು, ಗಂಡ ತೀರಿಕೊಂಡ ಮೇಲೆ ಹೊಲಿದು ಹೊಲಿದು ಕಟ್ಟಿಸಿದ್ದು. ಮೇಲಿನದು ಆಮೇಲೆ ಅಪ್ಪ ಕಟ್ಟಿಸಿದ್ದು. ಅಲ್ಲಿ ಅಪ್ಪ, ಅಮ್ಮ, ನಾನು. ಅಮ್ಮ ದೊಡ್ಡಮ್ಮನ ತಂಗಿ. ನಮ್ಮ ಮೆಟ್ಟಿಲು ಇಳಿಯುವುದು ಕೆಳಗಿನ ಜಗಲಿಯ ಬಲ ತುದಿಗೆ, ಗೇಟು ಇರುವುದು ಎಡ ತುದಿಗೆ, ಗೇಟಿನ ಪಕ್ಕದಲ್ಲೇ ದೊಡ್ಡಮ್ಮನ ಹೊಲಿಗೆ ಮೆಷಿನ್ನು. ಅಂದರೆ ನಾವು ಯಾರೇ ಹೊರಗೆ ಕಾಲಿಡಬೇಕಾದರೂ ಅವಳ ಮುಂದೆ ಹಾದೇ ಹೋಗಬೇಕು. ಎಲ್ಲಿಗೆ, ಯಾಕೆ, ತಿಂದೆಯಾ, ತಲೆಗೂದಲು ಯಾಕೆ ಹಾಗೆ ಕೆದರಿದೆ, ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಮಕ್ಕಳಿಲ್ಲದ ಅವಳಿಗೆ ಈ ಹಾದು ಹೋಗುವ ಕಾಲುಗಳೇ ಸಂಸಾರ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅವಳೇ ಬಾಯಿಬಿಟ್ಟು ಹೇಳಿದ್ದಾಳೆ.

ಜಗಲಿಯ ಹಳೆಯ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಹೋದ ಮಳೆಗಾಲದಲ್ಲಿ ಯಾರದೋ ಹೊಸ ಕೋಟಿನ ಮೇಲೆ ಕೆಂಪು ನೀರು ಸೋರಿ, ಅವರು ಬೈದು ಹೋಗಿದ್ದರು. ಬದಲಾಯಿಸಲೇಬೇಕಿತ್ತು. ತೊಡಕು ಇದ್ದದ್ದು ಮೇಲೆ. ಜಗಲಿಯ ಸೂರು ಗೋಡೆಗೆ ಅಂಟುವ ಜಾಗದ ನೆತ್ತಿಗೇ ಅಮ್ಮನ ಕಿಟಕಿ. ಮಂಡಿಯ ಆಪರೇಷನ್ ಸರಿಹೋಗದೆ ಅಮ್ಮ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಳು. ಕಿಟಕಿಗೆ ತಾಗಿಸಿದ ಮಂಚ, ಅದರ ಮೇಲೆ ಅಮ್ಮ, ಮಡಿಲಲ್ಲಿ ದೊಡ್ಡಮ್ಮ ಕಳಿಸಿದ ಅಂಗಿಗಳು. ಗುಂಡಿ ಹಾಕುವುದು, ಅಂಚು ಮಡಿಸುವುದು ಅವಳ ಪಾಲಿನ ಕೆಲಸ. ಕಿಟಕಿಯಿಂದಲೇ ತನ್ನ ಅಕ್ಕನ ಜೊತೆ ಮಾತು, ಜಗಳ, ದಾರ ಬೇಕು ಅನ್ನುವ ಕೂಗು.

ಛಾವಣಿ ಕೆಲಸದವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು, ಅಷ್ಟು ಉದ್ದ. ಅವನು ಬಂದು, ಬಾಗಿ ಬಾಗಿ ನೋಡಿ, ತನಗೆ ಗೊತ್ತಿದ್ದದ್ದು ಹೇಳಿದ.

"ನೋಡಿ ಅಮ್ಮಾ, ಇಲ್ಲಿ ವಾಟ ತೀರಾ ಕಮ್ಮಿ. ನೀರು ಜಾರಲ್ಲ, ತೆವಳುತ್ತೆ. ಹಂಚು ಹಾಕಿದ್ರೆ ತಂಪು, ಆದ್ರೆ ಇಷ್ಟು ಕಮ್ಮಿ ಇಳಿಜಾರಿಗೆ ಹಂಚು ನಿಲ್ಲಲ್ಲ. ಗಾಳಿ ಮಳೆ ಬಂದ್ರೆ ನೀರು ಹಂಚಿನ ಸಂದಿಗೆ ಹಿಂದಕ್ಕೆ ಹತ್ತುತ್ತೆ."

"ಇಳಿಜಾರು ಜಾಸ್ತಿ ಮಾಡಪ್ಪಾ."

"ಮುಂದಿನ ತುದಿ ಇಳಿಸಿದ್ರೆ ಬಂದೋರ ತಲೆ ಹೊಡೆಯುತ್ತೆ. ಹಿಂದಿನ ತುದಿ ಎತ್ತಿದ್ರೆ ಆ ಕಿಟಕಿ ಮುಕ್ಕಾಲು ಮುಚ್ಚಿಹೋಗುತ್ತೆ."

"ಹಂಗಾದ್ರೆ ಹಂಚಿನ ಮಾತೇ ಬೇಡ," ಎಂದಳು ದೊಡ್ಡಮ್ಮ, ಮೇಲಿನ ಕಿಟಕಿಗೂ ಕೇಳುವಂತೆ. "ಬೇರೆ ಹೇಳು."

ಬೇರೆ ಎಂದರೆ ಮತ್ತೆ ತಗಡು, ಇಲ್ಲವೇ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು, ಇಲ್ಲವೇ ಹಲಗೆ ಬಡಿದು ಮೇಲೆ ಡಾಂಬರು ಶೀಟು. ಏಣಿ ಹೋದ. ದೊಡ್ಡಮ್ಮನಿಗೆ ಅಲ್ಲಿಂದ ಹತ್ತಿತು ನೋಡಿ ಚಡಪಡಿಕೆ. ಮೆಷಿನ್ ಮುಂದೆ ಕೂರುತ್ತಾಳೆ, ಎರಡು ಹೊಲಿಗೆ ಹಾಕುತ್ತಾಳೆ, ಏಳುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ. ಬೇಕರಿಯ ಮುಂದಿನ ಪ್ಲಾಸ್ಟಿಕ್ ಶೀಟಿನ ಕೆಳಗೆ ಏನೂ ಕೊಳ್ಳದೆ ನಿಂತು ಬೆವರುತ್ತಾಳೆ. ಸೈಕಲ್ ರಿಪೇರಿಯವನ ಡಾಂಬರು ಶೀಟನ್ನು ಮೂಸಿ ನೋಡಿ, ವಾಸನೆ ಬಟ್ಟೆಗೆ ಹಿಡಿಯುತ್ತೆ ಅನ್ನುತ್ತಾಳೆ. ನಾನು ಕೆಲಸ ಮಾಡುವ ಔಷಧಿ ಅಂಗಡಿಗೂ ಬಂದಳು. ಮಾತ್ರೆ ಕೊಳ್ಳುವವರ ನಡುವೆ ತಲೆಯೆತ್ತಿ ಸೂರು ನೋಡುತ್ತಾ ನಿಂತಳು. ಜನರೆಲ್ಲ ಏನೋ ಬೀಳುತ್ತದೆ ಎಂದು ತಲೆಯೆತ್ತಿದರು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಯಾವ್ದೋ ಒಂದು ಹಾಕ್ಸು ದೊಡ್ಡಮ್ಮಾ, ಸಾಕಾಗಿದೆ," ಎಂದೆ.

"ಹೊಸದಾಗಿ ಹಾಕ್ಸೋದು ನಿಮ್ಮಮ್ಮನ ಕಣ್ಣೆದುರಿಗೇ ಇರುತ್ತಲ್ಲೇ. ಪ್ಲಾಸ್ಟಿಕ್ಕು ಹೊಳೆದು ಅವಳ ಕಣ್ಣಿಗೆ ಹೊಡೆದ್ರೆ?" ಎಂದಳು.

ಕೊನೆಗೆ ಒಂದು ದಿನ ಅವಳು ಅಪ್ಪನನ್ನು ತಡೆದು, ಜಗಲಿ ವಿಷಯ ಏನು ಮಾಡೋಣ ಅಂತ ನಿನ್ನ ಹೆಂಡತಿಯನ್ನು ಕೇಳಿ ಹೇಳು ಎಂದಳು. ತಂಗಿ ಕಿಟಕಿಯಿಂದ ಕೂಗಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ ಎಂಬ ಹೊಸ ಮರ್ಯಾದೆ. ಕೇಳಲು ಕಳಿಸಿದ್ದು ಯಾರನ್ನ? ಅಪ್ಪನನ್ನ. ಅಪ್ಪ ಬಸ್ ಕಂಡಕ್ಟರು. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ, ಮನೆಯಲ್ಲಿ ಯಾವ ಮಾತನ್ನೂ ಪೂರ್ತಿ ಆಡುವುದಿಲ್ಲ. ಅವರ ಜೊತೆಯವರೇ ಅವರಿಗೆ ಅರ್ಧ ಟಿಕೆಟ್ ಎಂದು ಹೆಸರಿಟ್ಟಿದ್ದಾರೆ. ಅಪ್ಪ ಬೆಳಿಗ್ಗೆ ಜಗಲಿಯ ಉದ್ದಕ್ಕೂ ಟೇಪು ಹಿಡಿದು ಅಳೆದರು, ಯಾಕೆಂದು ಯಾರಿಗೂ ಹೇಳಲಿಲ್ಲ. ಆಮೇಲೆ ಡ್ಯೂಟಿಗೆ ತಡವಾಯಿತೆಂದು ಗೇಟು ದಾಟುತ್ತಾ ಹಿಂದಿರುಗಿ ನೋಡದೆ ಎಂದರು: "ಅಕ್ಕಾ, ಜಗಲಿ ಹಂಚು ಅಂದ್ಳು."

ಒಂದು 'ಗೆ' ನುಂಗಿಬಿಟ್ಟರು ಪುಣ್ಯಾತ್ಮರು. ಜಗಲಿಗೆ ಹಂಚು ಅನ್ನಬೇಕಿತ್ತು.

ಛಾವಣಿಯ ಹಂಚು ಎಂದು ದೊಡ್ಡಮ್ಮನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಹಂಚು ಹಾಕಿದರೆ ತಂಗಿಯ ಕಿಟಕಿ ಹೋಗುತ್ತದೆ, ಅದು ತಂಗಿಗೂ ಗೊತ್ತು, ಹಾಗಾಗಿ ಆ ಹಂಚಲ್ಲ. ಉಳಿದದ್ದು ಒಂದೇ. ಜಗಲಿಯನ್ನು ಎರಡು ಪಾಲು ಮಾಡು, ನಡುವೆ ಗೋಡೆ ಎಬ್ಬಿಸು, ಮೆಟ್ಟಿಲಿನ ಕಡೆ ನಮ್ಮದು, ಮೆಷಿನ್ನಿನ ಕಡೆ ನಿನ್ನದು. ಅಳತೆ ಹಿಡಿದದ್ದನ್ನು ಬೇರೆ ಕಣ್ಣಾರೆ ಕಂಡಿದ್ದಳಲ್ಲ.

ಸಂಜೆ ನಾನು ಮನೆಗೆ ಬಂದಾಗ ದೊಡ್ಡಮ್ಮ ಮೆಷಿನ್ನನ್ನು ಗೋಡೆಯ ಮೂಲೆಗೆ ಎಳೆದುಕೊಂಡು, ಬೆನ್ನು ತಿರುಗಿಸಿ ಕೂತಿದ್ದಳು. ನಾನು ಅವಳನ್ನು ದಾಟಿ ಹೋದೆ. ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. ಯಾಕೆ ತಡ ಎಂದು ಕೇಳಲಿಲ್ಲ. ಮೊದಲನೇ ಮೆಟ್ಟಿಲಿನ ಮೇಲೆ ಕಾಲಿಟ್ಟವಳು ತಿರುಗಿ ನೋಡಿದೆ. ಅಷ್ಟರಲ್ಲಿ ಏಣಿ ತಲೆ ಕೆರೆದುಕೊಳ್ಳುತ್ತಾ ಮನೆಯ ಪಕ್ಕದಿಂದ ಬಂದ.

"ನಿಮ್ಮ ದೊಡ್ಡಮ್ಮ ಅರ್ಧಕ್ಕೆ ಮಾತ್ರ ಹೊದಿಸು ಅಂತಾರೆ," ಎಂದ ಅವನು ನನಗೆ. "ಅರ್ಧ ಸೂರನ್ನ ಎಲ್ಲಾದ್ರೂ ಕಂಡಿದ್ದೀರಾ?"

"ಇನ್ನರ್ಧ ಅವರದ್ದು, ಅವರು ನೋಡ್ಕೋತಾರೆ," ಎಂದಳು ದೊಡ್ಡಮ್ಮ ತಿರುಗದೆ.

"ಅವರು ಅಂದ್ರೆ ಯಾರು? ನಾವಾ?" ನನಗೆ ಸಿಟ್ಟು ನೆತ್ತಿಗೇರಿತು. "ಏನಾಗಿದೆ ನಿನಗೆ?"

"ನನಗೇನೂ ಆಗಿಲ್ಲ. ನಿಮ್ಮಮ್ಮ ಕೇಳಿದ್ದನ್ನ ಕೊಟ್ಟಿದ್ದೀನಿ. ಗೋಡೆನೂ ಕಟ್ಟಿಸ್ಕೊಳ್ಳಿ. ಆಮೇಲೆ ನೀವು ಬರೋದೂ ನಂಗೆ ಗೊತ್ತಾಗಲ್ಲ, ಹೋಗೋದೂ ಗೊತ್ತಾಗಲ್ಲ. ಒಳ್ಳೇದೇ ಆಯ್ತು. ನನ್ನ ಕಾಟ ತಪ್ಪುತ್ತೆ." ಅವಳ ಕಾಲು ಪೆಡಲ್ ತುಳಿಯುತ್ತಲೇ ಇತ್ತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ನಾನು ಮೆಟ್ಟಿಲು ಹಾರಿ ಹಾರಿ ಹತ್ತಿ ಅಮ್ಮನ ಮುಂದೆ ನಿಂತೆ. ನೀನು ಪಾಲು ಕೇಳಿದೆಯಾ ಎಂದೆ. ಅಮ್ಮನ ಕೈಯಲ್ಲಿದ್ದ ಸೂಜಿ ನಿಂತಿತು.

"ಪಾಲಾ? ಹಂಚು ಹಾಕ್ಸು ಅಂದೆ ಕಣೇ. ಹಂಚು, ಹಂಚು, ಮೇಲೆ ಹಾಕೋ ಹಂಚು. ತಗಡಿನ ಕೆಳಗೆ ದಿನವಿಡೀ ಬೇಯ್ತಾಳಲ್ಲ ಅವಳು, ಕಣ್ಣಿಂದ ನೋಡೋಕಾಗಲ್ಲ ನಂಗೆ."

"ಕಿಟಕಿ ಮುಚ್ಚಿಹೋಗುತ್ತಲ್ಲಮ್ಮ."

"ಮುಚ್ಚಲಿ. ನಂಗೇನು, ಗೋಡೆ ನೋಡ್ಕೊಂಡೂ ಗುಂಡಿ ಹಾಕಬಹುದು."

ಹಿಂದಿನಿಂದ ಉಸಿರು ಕೇಳಿಸಿತು. ದೊಡ್ಡಮ್ಮ ನನ್ನ ಬೆನ್ನ ಹಿಂದೆಯೇ ಹತ್ತಿ ಬಂದಿದ್ದಳು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮ ಅವಳನ್ನು ನೋಡಿದವಳೇ ಮುಖ ತಿರುಗಿಸಿದಳು.

"ನಾನು ನಿನ್ನಿಂದ ಪಾಲು ಕೇಳ್ತೀನಾ ಅಕ್ಕಾ?" ಎಂದಳು ಕಿಟಕಿಗೆ. "ಕೇಳ್ದೆ ಅಂತ ನಮ್ಮನೆಯವರು ಹೇಳಿದ್ರೆ ನಂಬಿಬಿಡ್ತೀಯಾ? ಒಂದು ಮಾತು ಇಲ್ಲಿ ಬಂದು ಕೇಳ್ಬಾರ್ದಾಗಿತ್ತಾ?"

"ಭಯ ಆಯ್ತು ಕಣೇ," ಎಂದಳು ದೊಡ್ಡಮ್ಮ. "ಕೇಳಿ, ನೀನು ಹೂಂ ಅಂದುಬಿಟ್ಟಿದ್ರೆ?"

ಅಮ್ಮ ಕಿಟಕಿ ಬಿಟ್ಟು ಅಕ್ಕನ ಕಡೆ ತಿರುಗಿದಳು. ಅಷ್ಟರಲ್ಲಿ ಅಪ್ಪ ಡ್ಯೂಟಿ ಮುಗಿಸಿ ಬಂದರು. ನಾನು ಎಲ್ಲವನ್ನೂ ಅವರ ಮೇಲೆ ಸುರಿದೆ. ಅವರು ಟೋಪಿ ತೆಗೆದು, "ಅದನ್ನೇ ತಾನೇ ಹೇಳಿದ್ದು ನಾನು," ಎಂದರು. ಟೇಪು ಹಿಡಿದದ್ದು ಎಷ್ಟು ಹಂಚು ಬೇಕೆಂದು ಲೆಕ್ಕ ಹಾಕಲು ಎಂಬುದೂ ಆಗಲೇ ಹೊರಬಿತ್ತು. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಅವರನ್ನು ಬೈದರು. ಅಷ್ಟರಮಟ್ಟಿಗೆ ಮನೆ ಮತ್ತೆ ಮನೆಯಂತಾಯಿತು.

ಆದರೆ ಛಾವಣಿಯ ಜಗಳ ಆಗಷ್ಟೇ ಶುರುವಾಯಿತು. ಅಮ್ಮ ಹಂಚೇ ಆಗಬೇಕು ಎಂದು ಹಟ ಹಿಡಿದಳು. ದೊಡ್ಡಮ್ಮ ಜಗ್ಗಲಿಲ್ಲ. ಇಷ್ಟು ದಿನ ಎಲ್ಲರ ಸೂರು ಮೂಸಿ ನೋಡಿದವಳು ಆ ಗಳಿಗೆಗೆ ಬಟ್ಟೆ ಕತ್ತರಿಸುವ ದೊಡ್ಡಮ್ಮನಾಗಿದ್ದಳು. ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ ಏಣಿಗೆ ಮೇಲಿನಿಂದಲೇ ಕೂಗಿದಳು.

"ತಗಡು ಹಾಕಪ್ಪಾ. ಗೋಡೆಯಿಂದ ತುದಿವರೆಗೂ ಒಂದೇ ಹಾಳೆ ಇರೋದು ತಾ, ನಡುವೆ ಎಲ್ಲೂ ಜೋಡಣೆ ಬೇಡ. ಕಿಟಕಿ ಕೆಳಗಡೆ ಎಷ್ಟಿದೆಯೋ ಅಷ್ಟೇ ಇರಲಿ, ಒಂದು ಬೆರಳೂ ಎತ್ತಬೇಡ."

"ಸೆಖೆ ಆಗುತ್ತಮ್ಮ," ಎಂದ ಏಣಿ.

"ಅದು ನಂಗೆ ಗೊತ್ತು. ನೀನು ಮೊಳೆ ಹೊಡಿ."

ತಗಡು ಬಂತು, ಕೂತಿತು, ಒಂದು ಹನಿಯೂ ಸೋರಲಿಲ್ಲ. ಸೆಖೆಗೆ ದೊಡ್ಡಮ್ಮ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಹೊಲಿದಳು. ಅಮ್ಮ ಮೇಲಿನಿಂದ, ಹೇಳಿದ್ದು ಕೇಳಿದ್ದರೆ ತಂಪಾಗಿರುತ್ತಿದ್ದೆ ಎಂದು ದಿನಾ ಒಮ್ಮೆಯಾದರೂ ಕುಟುಕಿದಳು.

ಆಮೇಲೆ ಒಂದು ಮಧ್ಯಾಹ್ನ ಮಳೆ ಸುರಿಯಿತು. ಹೊಸ ತಗಡಿನ ಮೇಲೆ ಆ ಸದ್ದು ಹೇಳತೀರದು, ಕಿವಿ ತೂತಾಗುವಷ್ಟು. ಕೆಳಗಿನ ಮಾತು ಮೇಲಕ್ಕಿಲ್ಲ, ಮೇಲಿನದು ಕೆಳಕ್ಕಿಲ್ಲ. ರಜೆಯಿದ್ದ ನಾನು ಅಮ್ಮನ ಮಂಚದ ತುದಿಯಲ್ಲಿ ಕೂತಿದ್ದೆ. ದೊಡ್ಡಮ್ಮ ದಡದಡ ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಕರೆದ್ಯಾ?"

"ಇಲ್ವಲ್ಲ," ಎಂದಳು ಅಮ್ಮ.

ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಏದುಸಿರು ಬಿಡುತ್ತಾ.

"ಕರೆದಂಗಾಯ್ತು."

"ಇಲ್ಲ ಕಣೇ ಅಕ್ಕಾ. ಮಳೆ ಸದ್ದು ಅದು. ಹೋಗು, ಹೊಲಿ."

ಹೋದಳು. ಅವಳ ಹೆಜ್ಜೆ ಕೆಳಗೆ ಮುಟ್ಟಿತೋ ಇಲ್ಲವೋ, ಆ ಗದ್ದಲದಲ್ಲಿ ಗೊತ್ತಾಗಲಿಲ್ಲ. ಅಮ್ಮ ಗುಂಡಿ ಹಾಕುವುದನ್ನು ಬಿಟ್ಟು ಬಾಗಿಲನ್ನೇ ನೋಡುತ್ತಿದ್ದಳು. ಮೂರನೆಯ ಸಲ ಹತ್ತಿ ಬಂದ ದೊಡ್ಡಮ್ಮ ಏನೂ ಕೇಳಲಿಲ್ಲ. ಚೌಕಟ್ಟು ಹಿಡಿದು, ತಪ್ಪು ಮಾಡಿದವಳ ಹಾಗೆ ನಿಂತಳು.

"ಹೂಂ, ಕರೆದೆ," ಎಂದಳು ಅಮ್ಮ, ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡುತ್ತಾ.

"ಯಾಕೆ?"

"ಸುಮ್ನೆ."