ಅತ್ತೆಗೇ ಯಾಕೆ

ನಮ್ಮಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಮದುವೆಯಾದ ಹೊಸದರಲ್ಲೇ ಕಲಬುರಗಿ ಕಡೆಯಿಂದ ಬಂದು ಮುಂಬೈ ಹತ್ತಿರದ ದಿವಾದಲ್ಲಿ ಮನೆ ಹೂಡಿದವಳು. ಚಾಳಿನ ಒಂದೇ ಕೋಣೆಯ ಮನೆ. ಮಾಮ ತುರ್ಭೆಯ ಗೋದಾಮಿನಲ್ಲಿ ಹಮಾಲಿ, ಅತ್ತೆ ಅಲ್ಲೇ ಹತ್ತಿರದ ಮಸಾಲೆ ಪ್ಯಾಕಿಂಗ್ ಕೆಲಸದಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ರಜೆ ಬಂತೆಂದರೆ ನಾನು ಡೊಂಬಿವಲಿಯಿಂದ ಓಡುತ್ತಿದ್ದುದು ಅಲ್ಲಿಗೇ. ಅವಳ ಸೀರೆಗೆ ಸದಾ ಧನಿಯಾ ಪುಡಿಯ ಘಮ. ಈಗಲೂ ಕಿರಾಣಿ ಅಂಗಡಿಯಲ್ಲಿ ಆ ವಾಸನೆ ಬಂದರೆ ಏನು ಕೊಳ್ಳಲು ಬಂದೆ ಎಂಬುದೇ ಮರೆತುಹೋಗುತ್ತದೆ.

ಭಾನುವಾರ ಸಂಜೆ ತುರ್ಭೆಯ ಒಂದು ಶಾಲೆಯ ಕೋಣೆಯಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ಸೇರುತ್ತಿತ್ತು. ಚಿಕ್ಕ ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಕಾಲು ಮಡಚಿಕೊಂಡು ಕೂರುತ್ತಿದ್ದರು. ಕೀರ್ತನೆ ಎತ್ತಿಕೊಡುವವಳು ಅತ್ತೆ. ಅವಳು ಶುರುಮಾಡಿದರೆ ಉಳಿದವರಿಗೆ ಧೈರ್ಯ. ಯಾರದಾದರೂ ಹೆರಿಗೆಯಿದ್ದರೆ, ಯಾರಾದರೂ ಕಲ್ಯಾಣದಲ್ಲಿ ಆಸ್ಪತ್ರೆ ಸೇರಿದ್ದರೆ, ಪಾಳಿ ಮುಗಿಸಿದವಳೇ ಅತ್ತ ನಡೆಯುತ್ತಿದ್ದಳು. "ಊಟಾ ಮಾಡೀರೇನು?" ಎಂಬುದೇ ಅವಳು ಮೊದಲು ಕೇಳುವ ಮಾತು.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವಾ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತಂತೂ ಪೂರ್ತಿ ಹೋಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಅವಳ ಬಾಯಿಂದ ಮಾತ್ರ "ಆ... ಆ..." ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ರೋಗಿಗಳಿಗಾಗಿ ಪ್ರಾರ್ಥಿಸುವುದರಲ್ಲಿ ಹೆಸರಾದ ಒಬ್ಬ ಬೋಧಕರನ್ನು ಯಾರೋ ಕರೆತಂದರು. ಅವರು ಅತ್ತೆಯ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಆಮೇಲೆ ಮಾಮನ ಕಡೆ ತಿರುಗಿ, "ಈ ಮನೆಯಲ್ಲಿ ಏನೋ ಮುಚ್ಚಿಟ್ಟ ಪಾಪ ಇದೆ. ಒಪ್ಪಿಕೊಳ್ಳಿ, ಮಾತು ಬರುತ್ತದೆ" ಎಂದರು. ಅತ್ತೆಯ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಎತ್ತಹೋದ ಬಲಗೈ ಮೇಲೇಳಲಿಲ್ಲ.

ಮಾಮ ಎಂದೂ ದನಿ ಏರಿಸಿದವನಲ್ಲ. ಅಂದೂ ಏರಿಸಲಿಲ್ಲ. "ನನ್ನವು ಪಾಪ ಭಾಳ ಅದಾವ್ರಿ. ಅವನ್ನ ಅಕಿ ಮ್ಯಾಲ ಹೊರಸಬ್ಯಾಡ್ರಿ. ಚಹಾ ಕುಡಿದು ಹೋಗ್ರಿ" ಎಂದ.

ಮರುದಿನ ನಮ್ಮ ಸಭೆಯ ವಯಸ್ಸಾದ ಪಾಸ್ಟರು ಬಂದರು. ರಾಯಚೂರಿನ ಕಡೆಯವರು. ನನಗೆ ತಡೆಯಲಾಗಲಿಲ್ಲ.

"ಅಯ್ಯನೋರೆ, ಎಲ್ಲಾರ ಸೇವಾ ಮಾಡಿದಾಕಿ ಅತ್ತಿ. ಅಕಿಗೇ ಯಾಕ ಹೀಂಗಾತು?"

ಅವರು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ನನಗ ಗೊತ್ತಿಲ್ಲವ್ವಾ. ಶಿಲುಬಿ ಮ್ಯಾಲ ಯೇಸುಸ್ವಾಮಿನೂ ಯಾಕ ಅಂತ ಕೇಳಿದ. ಕೇಳೋದು ತಪ್ಪಲ್ಲ."

"ಮತ್ತ ದೇವರು ಸುಮ್ನ ನೋಡ್ತಾನೇನು?"

"ಹೊರಗ ನಿಂತು ನೋಡಂಗಿಲ್ಲ. ಅಕಿ ನೋವಿನಾಗ ಅವನೂ ಇರ್ತಾನ. ನಾನು ನಂಬಿದ್ದು ಇಷ್ಟ. ಬರೋ ಐತಾರ ಸಭೆ ಇಲ್ಲೇ ಕೂಡೋಣು."

ನನ್ನ ಸಿಟ್ಟು ಆ ಮಾತಿಗೆ ಇಳಿಯಲಿಲ್ಲ. ಆದರೆ ಆ ಭಾನುವಾರ ಎಲ್ಲರೂ ಬಂದರು. ತುರ್ಭೆಯಿಂದ ಲೋಕಲ್ ರೈಲಿನಲ್ಲಿ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ದಿವಾಕ್ಕೆ, ಮಕ್ಕಳನ್ನು ಎತ್ತಿಕೊಂಡು. ಕೋಣೆ ಸಾಲದೆ ಗಲ್ಲಿಯಲ್ಲೂ ಕೂತರು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಮಾವಶಿ ಎನ್ನುತ್ತಿದ್ದವರು, ತಮ್ಮ ಚಾಪೆಗಳನ್ನೆಲ್ಲ ತಂದು ಹಾಸಿದರು.

ಕೀರ್ತನೆ ಎತ್ತಿಕೊಡಲು ಯಾರೂ ಮುಂದಾಗದೆ ಕೊನೆಗೆ ಮಾಮನೇ ಶುರುಮಾಡಿದ, ತೀರಾ ಕೆಳಗಿನ ಶ್ರುತಿಯಲ್ಲಿ. ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ಅತ್ತೆಯದು. ಬರೀ ರಾಗವಲ್ಲ, ಅಕ್ಷರ ಅಕ್ಷರವೂ ಸ್ಪಷ್ಟ. ಎಲ್ಲರೂ ಬೆಚ್ಚಿ ನಿಲ್ಲಿಸಿಬಿಟ್ಟರು. ಪಾಸ್ಟರು ಹಾಡಿ, ಹಾಡಿ ಎಂದು ಕೈಸನ್ನೆ ಮಾಡಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಕೊನೆಯ ಚರಣದವರೆಗೂ ಹಾಡಿದಳು. ಮಾಮ ಅವಳೆದುರು ಮಂಡಿಯೂರಿ, "ಏನರೇ ಮಾತಾಡು, ಒಂದ ಮಾತು" ಎಂದು ಬೇಡಿದ. ಅವಳು ಪ್ರಯತ್ನಪಟ್ಟಳು. "ಆ... ಆ..." ಅಷ್ಟೇ.

ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ, ಮಿದುಳಿನಲ್ಲಿ ಅವೆರಡರ ಜಾಗ ಬೇರೆಬೇರೆ ಎಂದು ಆಮೇಲೆ ಡಾಕ್ಟರು ವಿವರಿಸಿದರು. ಅದನ್ನು ಪವಾಡ ಎಂದು ನಾವು ಸಾರಲಿಲ್ಲ. ಉಪಕಾರ ಸ್ಮರಿಸಿ ಪ್ರಾರ್ಥನೆಯನ್ನಂತೂ ಮಾಡಿದೆವು.

ಅತ್ತೆಗೆ ಕೊನೆಯವರೆಗೂ ಮಾತು ಮರಳಲಿಲ್ಲ. ಸಭೆ ಮಾತ್ರ ಆಮೇಲೂ ಆಗಾಗ ಅವಳ ಮನೆಯಲ್ಲೇ ಸೇರುತ್ತಿತ್ತು. ಬಾಯಾರಿದರೆ ನೀರಿನ ಮಾತು ಬರುವ ಒಂದು ಕೀರ್ತನೆಯ ಸಾಲು ಹಾಡುತ್ತಿದ್ದಳು. ಮಾಮ ನಗುತ್ತಾ ತಂಬಿಗೆ ತರುತ್ತಿದ್ದ. ಕೆಲವು ದಿನ ಹಾಡೂ ಬೇಡವಾಗಿ ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು. ಅಂಥ ದಿನ ಮಾಮ ಅವಳ ಬೆನ್ನಿಗೆ ಕೈಯಿಟ್ಟು ಕೂರುತ್ತಿದ್ದ. ಕೆಲವು ವರ್ಷ ಹೀಗೆ ಬಾಳಿ, ಒಂದು ಮಳೆಗಾಲದ ಬೆಳಿಗ್ಗೆ ತೀರಿಕೊಂಡಳು. ಗಲ್ಲಿಯ ಆ ಭಾನುವಾರಗಳು, ಮಾವಶಿ ಹಂಚುತ್ತಿದ್ದ ಶುಂಠಿ ಚಹಾ, ಮಧ್ಯೆ ಲೋಕಲ್ ಹಾದು ಹೋದರೆ ಸದ್ದಡಗುವವರೆಗೆ ಎಲ್ಲರೂ ಪ್ರಾರ್ಥನೆ ನಿಲ್ಲಿಸಿ ಕಾಯುತ್ತಿದ್ದುದು, ಇವೆಲ್ಲ ಈಗ ನೆನಪಾಗುತ್ತವೆ.

ಈಗ ನಾನು ಡೊಂಬಿವಲಿಯಲ್ಲಿ ಸಭೆಯ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತೇನೆ. ನಾನು ಕನ್ನಡದಲ್ಲಿ ಕೇಳಿದರೆ ಅವರು ಹಿಂದಿಯಲ್ಲಿ ಉತ್ತರಿಸುತ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ಪಾಠದ ನಡುವೆ ಅಳತೊಡಗಿದಳು. ಅವಳ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು.

"ದೀದಿ, ಮಮ್ಮೀನೇ ಕ್ಯಾ ಗಲತ್ ಕಿಯಾ?" ಎಂದು ಕೇಳಿದಳು. ಅಮ್ಮ ಏನು ತಪ್ಪು ಮಾಡಿದ್ದಳು ಅಂತ.

"ಕುಛ್ ನಹೀಂ, ಬೇಟಾ. ಏನೂ ಮಾಡಿಲ್ಲ."

"ಪಕ್ಕಾ?"

"ಪಕ್ಕಾ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ತಿಂಡಿಯ ಡಬ್ಬಿ ತೆರೆದಳು.