ಮೇಷ್ಟ್ರು ಮತ್ತೆ ಹಲಗೆಯ ಮುಂದೆ ನಿಂತದ್ದು

ತಲೆಯ ಆಪರೇಷನ್ ಮುಗಿದು ಮನೆಗೆ ಬಂದಾಗ ಗಣಿತದ ಮೇಷ್ಟ್ರಿಗೆ ಸಾವಿನ ಭಯ ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ಹೆಂಡತಿಯ ಹೆಸರು ನೆನಪಿದೆ, ಚಿಲಕ ಹಾಕುವುದು ನೆನಪಿದೆ. ಗಣಿತ? ನೋಡಿಕೊಳ್ಳುವ ಧೈರ್ಯವಾಗಲಿಲ್ಲ. ಓದುವ ಕೋಣೆಯ ಬಾಗಿಲನ್ನೇ ಅವರು ತೆರೆಯಲಿಲ್ಲ.

ಅವರ ಗಣಿತವೂ ಸಲೀಸಿನದಲ್ಲ. ಶಾಲೆಯ ಬಹುಪದೋಕ್ತಿಗಳಲ್ಲಿ x ಪಕ್ಕದಲ್ಲಿ ಬರೀ ಸಂಖ್ಯೆಗಳಿರುತ್ತವೆ. ಇವರದರಲ್ಲಿ ಸಂಖ್ಯೆಯ ಜಾಗಕ್ಕೆ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳು ತುಂಬಿದ ಚೌಕ. ಗಣಿತದ ಲೆಕ್ಕದಲ್ಲಿ ಒಂದಕ್ಕೊಂದು ಲಂಬ ಎನಿಸುವ ಇಂಥ ಬಹುಪದೋಕ್ತಿಗಳ ಯಾವ ಸರಣಿ ಎರಡನೇ ದರ್ಜೆಯ ಅವಕಲ ಸಮೀಕರಣಕ್ಕೆ, ಅಂದರೆ ಡಿಫರೆನ್ಶಿಯಲ್ ಈಕ್ವೇಶನ್ನಿಗೆ, ಒಗ್ಗುತ್ತದೆಂದು ಹುಡುಕುವುದು ಅವರ ಕಸುಬು. ಎರಡು ಚೌಕಗಳನ್ನು ಹಿಂದುಮುಂದು ಮಾಡಿ ಗುಣಿಸಿದರೆ ಸಾಕು, ಉತ್ತರವೇ ಬೇರೆ.

ಒಂದು ಸಂಜೆ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಶಿಷ್ಯೆ ಬಂದಳು.

"ಸರ್, ಹೊಸ ಸರಣಿ ಸಿಕ್ಕಿದೆ. ಒಮ್ಮೆ ನೋಡ್ತೀರಾ?"

"ಕಣ್ಣು ನೋಯ್ತಿದೆಯಮ್ಮ."

"ಕಣ್ಣಲ್ಲ, ಹೆದರಿಕೆ," ಎಂದರು ಒಳಗಿನಿಂದ ಹೆಂಡತಿ. "ರೀ, ಗಣಿತ ಹೋಗಿದ್ರೆ ಅಡುಗೆ ಕಲಿಸ್ತೀನಿ. ಹೋಗಿದೆಯೋ ಇಲ್ವೋ ಅಂತಾದ್ರೂ ಗೊತ್ತಾಗ್ಲಿ, ಏಳಿ."

ಬೇರೆ ದಾರಿ ಕಾಣದೆ ಎದ್ದರು. ಓದುವ ಕೋಣೆಯ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು, ಶಿಷ್ಯೆಯ ಸರಣಿಯನ್ನು ಸಮೀಕರಣಕ್ಕೆ ಹಾಕಿ ನೋಡತೊಡಗಿದರು. ಬರೆದರು, ಒರೆಸಿದರು, ಮತ್ತೆ ಬರೆದರು. ಅರ್ಧ ಹಲಗೆ ತುಂಬಿದ ಮೇಲೆ ನೋಡಿದರೆ ಸಮೀಕರಣದ ಎರಡು ಪಕ್ಕಗಳು ತಾಳೆಯಾಗಲೇ ಇಲ್ಲ. "ಹೋಯ್ತು," ಎಂದು ಕುರ್ಚಿಯಲ್ಲಿ ಕುಸಿದರು.

ಶಿಷ್ಯೆಯ ಕಣ್ಣು ಹಲಗೆಯ ಒಂದೇ ಮೂಲೆಯಲ್ಲಿ ನಾಟಿತ್ತು. ಮೇಷ್ಟ್ರೂ ಅತ್ತ ನೋಡಿದರು. ಬಹಳ ಹೊತ್ತು ನೋಡಿದರು.

"ಈ ಚೌಕವನ್ನ ಎಡಗಡೆಯಿಂದ ಗುಣಿಸ್ಬೇಕಿತ್ತು. ನಾನು ಬಲಗಡೆ ಇಟ್ಟಿದ್ದೀನಿ. ಅಲ್ವಾ?"

"ಹೌದು ಸರ್."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನಾನು ಹೇಳಿಬಿಟ್ರೆ ನಿಮಗೇ ಕಾಣ್ತಿತ್ತಾ ಅನ್ನೋದು ಗೊತ್ತಾಗ್ತಿರ್ಲಿಲ್ಲ. ನೀವಾಗೇ ಕಂಡುಕೊಳ್ಳದೆ ಹೋದ್ರೆ ಅಂತಾನೂ... ಭಯ ಆಯ್ತು ಸರ್."

ಮೇಷ್ಟ್ರಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ತಿದ್ದಿದರು, ಎರಡು ಪಕ್ಕಗಳೂ ತಾಳೆಯಾದವು. ಹಿಂದೆ ಮಾತಾಡುತ್ತಲೇ ಮುಗಿಸುತ್ತಿದ್ದ ಲೆಕ್ಕಕ್ಕೆ ಇಡೀ ಸಂಜೆ ಹಿಡಿದಿತ್ತು.

ಅವಳ ಪ್ರಬಂಧ ಮುಂದಿನ ವರ್ಷ ಮುಗಿಯಿತು. ಮೇಷ್ಟ್ರು ಪಾಠ ಹೇಳಲು ಮತ್ತೆ ಕಾಲೇಜಿಗೂ ಹೋಗತೊಡಗಿದರು. ಭಯ ಮಾತ್ರ ಪೂರ್ತಿ ಬಿಟ್ಟು ಹೋಗಲಿಲ್ಲ. ಪ್ರತಿ ಗುಣಾಕಾರಕ್ಕೂ ತಡೆದು ನಿಂತು, ಎದುರು ಕೂತವರತ್ತ ತಿರುಗಿ ಕೇಳುತ್ತಿದ್ದರು: "ತಪ್ಪಿದ್ರೆ ಈಗಲೇ ಹೇಳಿಬಿಡಿ."