ಮೇಡಂ ಒಪ್ಪಿಕೊಂಡ ತಪ್ಪು

ಮೇಡಂ ಅವರ ಬಲಗೈಯ ಎರಡು ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಹರಳುಗಳನ್ನು ದ್ರವ ಸಾರಜನಕಕ್ಕೆ ಅದ್ದಿ ಅದ್ದಿ, ಅದರ ಕೊರೆವ ಚಳಿಗೆ ಸುಟ್ಟ ಚರ್ಮ ಅದು. ಕೈಗವಸು ತಂದುಕೊಟ್ಟರೆ, "ಇದು ಹಾಕ್ಕೊಂಡ್ರೆ ಹರಳು ಕೈಗೆ ತಿಳಿಯೋದಿಲ್ಲಪ್ಪಾ" ಎಂದು ಪಕ್ಕಕ್ಕಿಡುತ್ತಿದ್ದರು.

ಬಳ್ಳಾರಿಯಲ್ಲಿ ಹುಟ್ಟಿ, ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ, ವಿಶಾಖಪಟ್ಟಣದಲ್ಲಿ ಪಾಠ ಹೇಳುತ್ತಿದ್ದವರು. ನಾನು ಅವರ ಕಡೆಯ ಪಿಎಚ್.ಡಿ. ವಿದ್ಯಾರ್ಥಿ. ನೌಕಾಪಡೆಯಲ್ಲಿದ್ದ ಕನ್ನಡಿಗರ ಮಗ, ಕನ್ನಡ ಬಲ್ಲವನು ಎಂದು ಗೊತ್ತಾದ ದಿನದಿಂದ ನನಗೆ ಬೈಗುಳವೂ ಕನ್ನಡದಲ್ಲೇ.

ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿ, ಮೂಡುವ ಚುಕ್ಕಿಗಳಿಂದ ಅದರ ಆಕಾರ ಕಂಡುಹಿಡಿಯುವುದು ನಮ್ಮ ಕೆಲಸ. ಸಮುದ್ರದ ಗಾಳಿಯ ತೇವಕ್ಕೆ ಹರಳಿನ ಮೇಲೆ ಮಂಜು ಕೂತರೆ, ಚಿತ್ರದಲ್ಲಿ ಬಳೆಗಳಂಥ ಐಸ್ ರಿಂಗುಗಳು ಬಂದು ಚುಕ್ಕಿಗಳನ್ನು ಮುಚ್ಚುತ್ತವೆ. ಕಂಪ್ಯೂಟರಿಗೆ ಒಂದು ಸಾಲು ಬರೆದರೆ ಆ ಬಳೆಗಳ ಜಾಗವನ್ನು, ಅಲ್ಲಿನ ಒಳ್ಳೆಯ ಚುಕ್ಕಿಗಳ ಸಮೇತ, ಎಲ್ಲ ಚಿತ್ರಗಳಿಂದಲೂ ಒಮ್ಮೆಗೇ ಕಿತ್ತುಹಾಕಬಹುದು. ಮೇಡಂಗೆ ಅದು ಕಂಡರಾಗದು. "ಒಂದು ಕಲ್ಲು ಸಿಕ್ತಂತ ತಟ್ಟೆ ಅನ್ನಾನೇ ಚೆಲ್ತೀಯೇನಪ್ಪಾ? ಒಂದೊಂದು ಚಿತ್ರಾನೂ ನೋಡು. ಕೆಟ್ಟಿದ್ದಷ್ಟೇ ತೆಗಿ."

ನಾವು ಹಿಡಿದಿದ್ದ ಪ್ರೋಟೀನಿನ ಸಂದಿಯಲ್ಲಿ ಒಂದು ಔಷಧ ಹೋಗಿ ಕೂರುತ್ತದೆ ಎಂಬುದು ಅವರ ಬಹುಕಾಲದ ನಂಬಿಕೆ. ನಿವೃತ್ತಿಯ ವರ್ಷ, ಅದನ್ನು ಸಾಬೀತು ಮಾಡಬಲ್ಲ ಒಂದೇ ಒಂದು ಹರಳು ಸಿಕ್ಕಿತು. ಒಂಬೈನೂರು ಚಿತ್ರಗಳು. ನನಗೋ ಕೆಲಸದ ಸಂದರ್ಶನದ ಅವಸರ. ಆ ಒಂದು ಸಾಲು ಬರೆದು ಕೈತೊಳೆದುಕೊಂಡೆ. ಔಷಧ ಇರಬೇಕಾದ ಜಾಗ ಖಾಲಿ ಬಂತು.

"ಎಲ್ಲಾ ಚಿತ್ರ ನೋಡಿದ್ಯಾ?"

"ನೋಡಿದೆ ಮೇಡಂ."

"ಹಂಗಾದ್ರೆ ತಪ್ಪು ನಂದೇ ಬಿಡು" ಎಂದರು. ತಮ್ಮ ಊಹೆ ಸುಳ್ಳೆಂದು ಲೇಖನದಲ್ಲಿ ತಾವೇ ಬರೆದು, ವಿಜಯವಾಡದ ಭವಾನಿಪುರಂನ ಮನೆಗೆ ಹೊರಟುಹೋದರು.

ಕಳೆದ ವರ್ಷ ನನ್ನ ವಿದ್ಯಾರ್ಥಿಗಳಿಗೆ ಪಾಠಕ್ಕೆಂದು ಅವೇ ಚಿತ್ರಗಳನ್ನು ತೆರೆದೆ. ರಿಂಗುಗಳಿದ್ದದ್ದು ಮೊದಲ ಅರವತ್ತರಲ್ಲಿ ಮಾತ್ರ. ಆಮೇಲೆ ಮೇಡಂ ಹರಳಿನ ಮೇಲೆ ದ್ರವ ಸಾರಜನಕ ಸುರಿದು ಮಂಜನ್ನು ತೊಳೆದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ಮರೆತೇಬಿಟ್ಟಿದ್ದೆ. ಅರವತ್ತರಲ್ಲಿ ಕೆಟ್ಟದ್ದಷ್ಟನ್ನೇ ತೆಗೆದು ಮತ್ತೆ ಲೆಕ್ಕ ಹಾಕಿದೆ. ಔಷಧ ಅವರು ಹೇಳಿದ ಜಾಗದಲ್ಲೇ ಕೂತಿತ್ತು.

ಅದನ್ನು ಮುದ್ರಿಸಿಕೊಂಡು ವಿಜಯವಾಡಕ್ಕೆ ಹೋದೆ. ಮೇಡಂ ಹಾಸಿಗೆ ಹಿಡಿದಿದ್ದರು. ಗಂಡನನ್ನು ಕರೆದು, "ನನ್ನ ಸ್ಟೂಡೆಂಟಂಡಿ" ಎಂದು ಹೆಮ್ಮೆಯಿಂದ ತೋರಿಸಿದರು. ಎರಡು ಗಂಟೆ ಕೂತೆ, ಪುಳಿಹೋರ ತಿಂದೆ. ಕಾಗದ ತೋರಿಸಿದರೆ ಅಂದು ಹೇಳಿದ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಚೀಲ ಬಿಚ್ಚಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ, ಹೇಡಿ.

ಮುಂದಿನ ಸಲ ಹೋದದ್ದು ಅವರ ಹನ್ನೊಂದನೆಯ ದಿನಕ್ಕೆ. ಯಜಮಾನರು ನನ್ನ ಕೈ ಹಿಡಿದುಕೊಂಡು ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದರು: "ನಿಮ್ಮ ಮೇಡಂ ಎಲ್ಲರ ಹತ್ರ ಹೇಳೋರಂಡಿ, ನನ್ನ ತಪ್ಪು ಹಿಡಿದ ಶಿಷ್ಯ ಇವನೊಬ್ಬನೇ ಅಂತ."

ಕಾಗದ ಆವತ್ತೂ ಚೀಲದಲ್ಲೇ ಉಳಿಯಿತು.